ಅಡಿಕೆ ಸಿಪ್ಪೆ ಹಾಕಿದ ಮೋಲ್ಡ್ ತೂಕ ತಡೆಯುತ್ತದೆಯೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಅಡಿಕೆ ತೋಟ ಇದೆ. ಮನೆ ನಮ್ಮ ಮಾವನವರು ಸುಮಾರು 40 ವರ್ಷದ ಹಿಂದೆ ಕಟ್ಟಿಸಿದ್ದು. ಜಂಬಿಟ್ಟಿಗೆ ಗೋಡೆ. ಮುಂದಿನ ಭಾಗಕ್ಕೆ ಹಂಚು, ಹಿಂದೆ ಅಡುಗೆಮನೆ, ಬಚ್ಚಲಿನ ಮೇಲೆ ಮಾತ್ರ ಕಾಂಕ್ರೀಟಿನ ಮೋಲ್ಡ್. ಆ ಮೋಲ್ಡಿನ ಮೇಲೆ 10×12 ಅಡಿಯ ಒಂದು ಕೋಣೆ ಕಟ್ಟಬೇಕು ಅಂತ ಆಸೆ. ಮಗಳು ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾಳೆ, ಅವಳಿಗೆ. ಹಳೇ ಗೋಡೆ ಅಷ್ಟು ತೂಕ ತಡೆಯುವುದಿಲ್ಲ ಎನ್ನುತ್ತಾರೆ ಮೇಸ್ತ್ರಿ. ನಮ್ಮ ಭಾವ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಜಲ್ಲಿ ಬದಲು ಅಡಿಕೆ ಸಿಪ್ಪೆ, ಭತ್ತದ ಉಮಿ ಹಾಕಿದರೆ ಕಾಂಕ್ರೀಟ್ ಅರ್ಧ ತೂಕ ಆಗುತ್ತದಂತೆ. ಸಿಪ್ಪೆ ನಮ್ಮಲ್ಲಿ ರಾಶಿ ಬಿದ್ದಿದೆ. ಅಕ್ಕಿ ಗಿರಣಿಯ ಬೂದಿ ಪುಕ್ಕಟೆ ಸಿಗುತ್ತದೆ, ಅದನ್ನು ಹಾಕಿ ಸಿಮೆಂಟ್ ಅರ್ಧ ಮಾಡಬಹುದಂತೆ. ಇದೆಲ್ಲ ನಿಜವೇ? ಗೆದ್ದಲು ಹಿಡಿಯುವುದಿಲ್ಲವೇ? ನಮ್ಮ ಮಳೆಗೆ ನಿಲ್ಲುತ್ತದೆಯೇ? ನಮ್ಮ ಅತ್ತೆ ಸ್ವಲ್ಪ ಬೆಲ್ಲದ ನೀರು ಸೇರಿಸಿ, ಗಟ್ಟಿಯಾಗುತ್ತದೆ ಅನ್ನುತ್ತಾರೆ. ಅದೂ ಸರಿಯೇ?

ಉತ್ತರ: ಅಮ್ಮಾ, ಮೊದಲು ನಿಮ್ಮ ಮೇಸ್ತ್ರಿಗೆ ಒಂದು ನಮಸ್ಕಾರ. ಕೆಲಸ ಸಿಗುತ್ತದೆ ಅಂತ ಸುಮ್ನೆ ಒಪ್ಪಿಕೊಳ್ಳದೆ, ಗೋಡೆ ತಡೆಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಾರೆ. ಅವರ ಮಾತನ್ನು ಬಿಡಬೇಡಿ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಟ್ಟಿಗೆ ಸೇರಿಕೊಂಡಿವೆ. ಹಳೇ ಮನೆ ಮೇಲೆ ಭಾರ ಹೇರುವುದು ಹೇಗೆ ಎನ್ನುವುದು ಒಂದು. ತೋಟದ ಸಿಪ್ಪೆಯನ್ನು ಏನು ಮಾಡುವುದು ಎನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಸಿಕ್ಕರೆ ಎಷ್ಟು ಚೆನ್ನಾಗಿತ್ತು ಅಲ್ವಾ? ವಿಡಿಯೋ ಮಾಡಿದವರು ಅದನ್ನೇ ತೋರಿಸಿದ್ದಾರೆ. ಆದರೆ ನಿಮ್ಮ ಸಿಪ್ಪೆಗೆ ಮನೆಯಲ್ಲಿ ಜಾಗ ಇದೆ, ಮೋಲ್ಡಿನಲ್ಲಿ ಮಾತ್ರ ಇಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ತೂಕ ಎಲ್ಲಿದೆ ಎನ್ನುವ ಲೆಕ್ಕದಿಂದಲೇ ಶುರು ಮಾಡೋಣ. ಕಬ್ಬಿಣ ಸೇರಿಸಿದ ಮಾಮೂಲಿ ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2,500 ಕೆಜಿ ತೂಗುತ್ತದೆ. ನಿಮ್ಮ ಕೋಣೆಗೆ 5 ಇಂಚಿನ ಮೋಲ್ಡ್ ಹಾಕಿದರೆ ಸುಮಾರು 50 ಘನ ಅಡಿ, ಅಂದರೆ 1.4 ಘನ ಮೀಟರ್ ಆಗುತ್ತದೆ. ತೂಕ ಸುಮಾರು 3.5 ಟನ್. ಇನ್ನು ಗೋಡೆ ನೋಡಿ. ಸುತ್ತಳತೆ 44 ಅಡಿ, ಎತ್ತರ 9 ಅಡಿ. ಬಾಗಿಲು, ಕಿಟಕಿ ಕಳೆದರೆ 350 ಚದರ ಅಡಿ ಗೋಡೆ ಉಳಿಯುತ್ತದೆ. ಕೆಳಗಿನ ಹಾಗೆಯೇ 9 ಇಂಚಿನ ಜಂಬಿಟ್ಟಿಗೆ ಗೋಡೆ ಎಬ್ಬಿಸಿದರೆ 13ರಿಂದ 15 ಟನ್! ನೀವೆಲ್ಲರೂ ಮೋಲ್ಡಿನ ತೂಕದ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ. ನಿಜವಾದ ಭಾರ ಗೋಡೆಯಲ್ಲಿದೆ. ಅದೇ ಗೋಡೆಯನ್ನು 6 ಇಂಚಿನ ಎಎಸಿ ಬ್ಲಾಕಿನಲ್ಲಿ, ಅಂದರೆ ಒಳಗೆ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಬ್ಲಾಕಿನಲ್ಲಿ, ಕಟ್ಟಿದರೆ ಗಾರೆ, ಪ್ಲಾಸ್ಟರ್ ಎಲ್ಲ ಸೇರಿ 5 ಟನ್ ಆಸುಪಾಸಿಗೆ ಬರುತ್ತದೆ. ಅಲ್ಲೇ 8–10 ಟನ್ ಇಳಿಯಿತು. ಮೋಲ್ಡಿನಲ್ಲಿ ಏನೇ ಸರ್ಕಸ್ ಮಾಡಿದರೂ ಒಂದು ಟನ್ ಉಳಿಸುವುದು ಕಷ್ಟ.

ಈಗ ಅಡಿಕೆ ಸಿಪ್ಪೆಗೆ ಬರೋಣ. ಅಡಿಕೆ ಸುಲಿದವರ ಬೆರಳು ಕಪ್ಪಾಗುವುದನ್ನು ನೀವು ಪ್ರತಿ ಕೊಯ್ಲಿನಲ್ಲೂ ನೋಡಿರುತ್ತೀರಿ. ಅದು ಒಗರಿನ ಕೆಲಸ. ಅಡಿಕೆ ಬೇಯಿಸಿದಾಗ ಬರುವ ಚೊಗರು ಕೂಡ ಅದೇ. ಹಸಿ ಸಿಪ್ಪೆಯಲ್ಲಿ ಈ ಒಗರಿನ ಜೊತೆ ಸಕ್ಕರೆಯ ಅಂಶವೂ ಇರುತ್ತದೆ. ಈ ಎರಡೂ ಸಿಮೆಂಟಿಗೆ ಆಗಿಬರುವುದಿಲ್ಲ. ನೀರು ಬಿದ್ದ ಕೂಡಲೇ ಸಿಮೆಂಟಿನ ಕಣಗಳು ಒಂದಕ್ಕೊಂದು ಹಿಡಿದುಕೊಳ್ಳಲು ಶುರು ಮಾಡಬೇಕು. ಸಕ್ಕರೆ, ಒಗರು ಆ ಕಣಗಳ ಮೇಲೆ ಪದರವಾಗಿ ಕುಳಿತು ಅದನ್ನು ತಡೆಯುತ್ತವೆ.

ಅತ್ತೆಯವರ ಬೆಲ್ಲದ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಅವರು ಹೇಳಿದ್ದು ಸುಳ್ಳಲ್ಲ. ಅವರು ಕಂಡದ್ದು ಸುಣ್ಣದ ಗಾರೆ. ಸುಣ್ಣ ಗಾಳಿಯನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಧಾನಕ್ಕೆ ಗಟ್ಟಿಯಾಗುವ ವಸ್ತು. ಅದಕ್ಕೆ ಬೆಲ್ಲದ ನೀರು ಹಾಕಿದರೆ ಗಾರೆ ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ. ಸಿಮೆಂಟಿನ ಗುಣ ಬೇರೆ. 50 ಕೆಜಿ ಮೂಟೆಗೆ ಬರೀ 25 ಗ್ರಾಂ ಸಕ್ಕರೆ ಸೇರಿದರೂ ಗಟ್ಟಿಯಾಗುವುದು ಕೆಲವು ಗಂಟೆ ತಡವಾಗುತ್ತದೆ. ಮೂಟೆಗೆ ಅರ್ಧ ಕೆಜಿ ಬಿದ್ದರೆ ಅದು ಗಟ್ಟಿಯಾಗದೆಯೇ ಹೋಗಬಹುದು. ಬೆಲ್ಲ ಅಡುಗೆಮನೆಯಲ್ಲೇ ಇರಲಿ.

ಹತ್ತು-ಹನ್ನೆರಡು ವರ್ಷದ ಹಿಂದೆ ಸಾಗರದ ಕಡೆ ಒಬ್ಬ ಸ್ನೇಹಿತರ ಅಡಿಕೆ ಶೆಡ್ಡಿನಲ್ಲಿ ಒಳಗಿನ ಅಡ್ಡಗೋಡೆಗೆ ಅಂತ ನಾನು ಸಿಪ್ಪೆ ಬ್ಲಾಕ್ ಮಾಡಿ ನೋಡಿದ್ದೆ. ಮೊದಲ ಸಲ ಸಿಪ್ಪೆಯನ್ನು ಹಾಗೆಯೇ ಕೊಚ್ಚಿ ಬೆರೆಸಿದೆವು. ಎರಡು ದಿನ ಬಿಟ್ಟು ಅಚ್ಚು ಬಿಚ್ಚಿದರೆ ಬ್ಲಾಕು ಕೈಯಲ್ಲೇ ಪುಡಿಪುಡಿ. ಎರಡನೇ ಸಲ ಸಿಪ್ಪೆಯನ್ನು ಸುಣ್ಣದ ನೀರಿನಲ್ಲಿ ಒಂದು ದಿನ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆದು, ಒಣಗಿಸಿ ಹಾಕಿದೆವು. ಬ್ಲಾಕು ನಿಂತಿತು. ಗೋಡೆಯೂ ಎದ್ದಿತು. ಆದರೆ ಮುಂದಿನ ಮಳೆಗಾಲದಲ್ಲಿ ನೆಲಕ್ಕೆ ತಾಗಿದ ಕೆಳಗಿನ ಸಾಲು ನೀರು ಹೀರಿಕೊಂಡು ಊದಿತು, ಬೂಷ್ಟು ಹಿಡಿಯಿತು, ಪ್ಲಾಸ್ಟರ್ ಉದುರಿತು. ನೆಲ ಮುಟ್ಟದ ಮೇಲಿನ ಸಾಲುಗಳು ಇವತ್ತಿಗೂ ಚೆನ್ನಾಗಿವೆ. ಮಲೆನಾಡಿನಲ್ಲಿ ಸಿಪ್ಪೆಯ ಕಾಂಕ್ರೀಟಿನ ವಿಷಯ ಬಂದಾಗಲೆಲ್ಲ ನನಗೆ ಆ ಕೆಳಗಿನ ಸಾಲು ನೆನಪಾಗುತ್ತದೆ.

ನಾರು ನೀರು ಕುಡಿದು ಊದುತ್ತದೆ, ಒಣಗಿದಾಗ ಕುಗ್ಗುತ್ತದೆ. ಪ್ರತಿ ವರ್ಷ ಹೀಗೇ ಆದರೆ ಸುತ್ತಲಿನ ಸಿಮೆಂಟಿನಿಂದ ಅದು ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಒಳಗೆ ಸದಾ ಇರುವ ಕ್ಷಾರ (ಸುಣ್ಣದಂಥ ಸುಡುವ ಗುಣ) ಕೂಡ ನಾರನ್ನು ವರ್ಷಗಳ ಲೆಕ್ಕದಲ್ಲಿ ತಿನ್ನುತ್ತದೆ. ಆಗ ನಾರು ಇದ್ದ ಜಾಗದಲ್ಲಿ ಸಣ್ಣ ಸಣ್ಣ ಪೊಳ್ಳು ಉಳಿಯುತ್ತವೆ. ಒಳಗಿನ ಅಡ್ಡಗೋಡೆಯಲ್ಲಿ ಹೀಗಾದರೆ ಚಿಂತೆಯಿಲ್ಲ. ಮೋಲ್ಡಿನಲ್ಲಿ ಆ ಪೊಳ್ಳಿನ ಮೂಲಕ ನೀರು, ಗಾಳಿ ಕಬ್ಬಿಣದ ತನಕ ಹೋಗುತ್ತವೆ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕೆಳಗಿನ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ಅದರ ಕೆಳಗೆ ನೀವು ಅಡುಗೆ ಮಾಡುತ್ತಿರುತ್ತೀರಿ.

ನಿಮ್ಮದು ಹುಲಿಕಲ್ ಘಾಟಿಯ ತಾಲ್ಲೂಕು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವುದುಂಟು. ಕಾಂಕ್ರೀಟಿಗೆ ನಮ್ಮ ದೇಶದಲ್ಲಿ ಅನುಸರಿಸುವ ನಿಯಮ ಐಎಸ್ 456. ಜೋರು ಮಳೆಗೆ ಮೈಯೊಡ್ಡಿ ನೆನೆಯುತ್ತ, ಒಣಗುತ್ತ ಇರುವ ಕಬ್ಬಿಣ ಹಾಕಿದ ಕಾಂಕ್ರೀಟಿಗೆ, ಅಂದರೆ ಆರ್‌ಸಿಸಿಗೆ ಕನಿಷ್ಠ ಎಂ 30 ದರ್ಜೆ (ಬಲದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ) ಬೇಕು, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಬೇಕು ಎನ್ನುತ್ತದೆ ಅದು. ಸಿಪ್ಪೆಯ ಕಾಂಕ್ರೀಟ್ ಅದರ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ಕಡೆ ಮೋಲ್ಡಿನ ಮೇಲೆ ಮತ್ತೊಂದು ಶೀಟಿನ ಮಾಡು ಹಾಕುತ್ತಾರಲ್ಲ, ಅದನ್ನು ಕಂಡು ಬಯಲುಸೀಮೆಯವರಿಗೆ ಆಶ್ಚರ್ಯ. ನನ್ನ ಪ್ರಕಾರ ಅದು ಇಲ್ಲಿನ ಮಳೆಗೆ ಜನರೇ ಕಂಡುಕೊಂಡ ಸರಿಯಾದ ಉಪಾಯ.

ಗೆದ್ದಲಿನ ವಿಷಯ ಚಿಕ್ಕದು. ಗಟ್ಟಿ ಸಿಮೆಂಟಿನೊಳಗೆ ಹುದುಗಿದ ನಾರಿಗೆ ಗೆದ್ದಲು ಸುಲಭಕ್ಕೆ ಹೋಗುವುದಿಲ್ಲ. ಸಿಪ್ಪೆ ಜಾಸ್ತಿಯಾಗಿ, ಮಿಶ್ರಣ ಸಡಿಲಾಗಿ, ನಾರು ಹೊರಗೆ ಕಾಣುತ್ತಿದ್ದು ತೇವವೂ ಇದ್ದರೆ ಖಂಡಿತ ಹೋಗುತ್ತದೆ.

ಗಿರಣಿಯ ಬೂದಿಯ ಕಥೆ ಪೂರ್ತಿ ಬೇರೆ. ಇದರಲ್ಲಿ ನಿಜ ಇದೆ. ಉಮಿಯನ್ನು ಸುಟ್ಟರೆ ಅದರ ತೂಕದ ಸುಮಾರು ಐದನೇ ಒಂದು ಭಾಗ ಬೂದಿ ಬರುತ್ತದೆ. ಹದವಾದ ಶಾಖದಲ್ಲಿ, ಅಂದರೆ 700 ಡಿಗ್ರಿಯೊಳಗೆ, ಚೆನ್ನಾಗಿ ಸುಟ್ಟ ಬೂದಿಯಲ್ಲಿ ನೂರಕ್ಕೆ 85–90 ಭಾಗ ಸಿಲಿಕಾ (ಮರಳಿನಲ್ಲೂ ಇರುವ ವಸ್ತು) ಇರುತ್ತದೆ. ಸಿಮೆಂಟ್ ಗಟ್ಟಿಯಾಗುವಾಗ ಒಳಗೆ ಸ್ವಲ್ಪ ಸುಣ್ಣ ಹುಟ್ಟುತ್ತದೆ. ಈ ಸಿಲಿಕಾ ಆ ಸುಣ್ಣದ ಜೊತೆ ಸೇರಿ ಇನ್ನಷ್ಟು ಅಂಟಾಗುತ್ತದೆ. ಕಾಂಕ್ರೀಟ್ ಬಿಗಿಯಾಗುತ್ತದೆ, ನೀರು ಇಳಿಯುವುದು ಕಡಿಮೆಯಾಗುತ್ತದೆ. ಎಂಜಿನಿಯರ್ ಒಪ್ಪಿದರೆ ಉಮಿ ಬೂದಿ ಬಳಸಬಹುದು ಎಂದು ಐಎಸ್ 456 ಕೂಡ ಹೇಳುತ್ತದೆ.

ಆದರೆ ಮೂರು ಮಾತು ಗಮನದಲ್ಲಿರಲಿ. ಬೂದಿಯಿಂದ ಕಾಂಕ್ರೀಟ್ ಹಗುರಾಗುವುದಿಲ್ಲ, ಅದು ಸಿಮೆಂಟಿನ ಒಂದು ಪಾಲಿಗೆ ಬದಲಿ ಅಷ್ಟೇ. ಆ ಪಾಲು ಕೂಡ ನೂರಕ್ಕೆ 10–15, ಅರ್ಧ ಅಲ್ಲ. ಎರಡನೆಯದು, ಗಿರಣಿಯ ಒಲೆಯಲ್ಲಿ ಶಾಖಕ್ಕೆ ಹದ ಇರುವುದಿಲ್ಲ. ಅಲ್ಲಿಂದ ಬರುವ ಕಡುಕಪ್ಪು ಬೂದಿಯಲ್ಲಿ ಸುಡದೆ ಉಳಿದ ಇದ್ದಿಲು ಇರುತ್ತದೆ. ಅದು ನೀರು ಕುಡಿಯುತ್ತದೆ, ಬಲ ಕೊಡುವುದಿಲ್ಲ. ಬೂದು ಬಣ್ಣದ್ದು, ಅದೂ ಸಿಮೆಂಟಿನಷ್ಟೇ ನುಣ್ಣಗೆ ಅರೆದದ್ದು ಬೇಕು. ಆ ಪುಡಿ ಮೂಗಿಗೆ ಹೋಗುವುದು ಒಳ್ಳೆಯದಲ್ಲ, ಮಾಸ್ಕ್ ಇಲ್ಲದೆ ಕೈ ಹಾಕಬೇಡಿ. ಮೂರನೆಯದನ್ನು ಜನ ಮರೆತೇಬಿಡುತ್ತಾರೆ. ಅಂಗಡಿಯಲ್ಲಿ ಸಿಗುವ ಮೂಟೆ ಹೆಚ್ಚಾಗಿ ಪಿಪಿಸಿ. ಅದರಲ್ಲಿ ಕಾರ್ಖಾನೆಯಲ್ಲೇ ನೂರಕ್ಕೆ 15ರಿಂದ 35 ಭಾಗ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟ ನುಣ್ಣನೆಯ ಬೂದಿ, ಸೇರಿಸಿರುತ್ತಾರೆ. ಅದರ ಮೇಲೆ ನೀವು ಮತ್ತೆ ಬೂದಿ ಹಾಕಿದರೆ ಸಿಮೆಂಟ್ ಎಲ್ಲಿ ಉಳಿಯಿತು? ಮೂಟೆಯ ಮೇಲೆ ಏನು ಬರೆದಿದೆ ಅಂತ ಮೊದಲು ಓದಿ.

ಕೃಷಿಯ ಕಸದಲ್ಲಿ ಜಲ್ಲಿಯ ಬದಲು ಹಾಕಲು ನಿಜಕ್ಕೂ ಯೋಗ್ಯವಾದದ್ದು ತೆಂಗಿನ ಕರಟ. ಅದು ಗಟ್ಟಿ, ಸಕ್ಕರೆಯ ಕಾಟ ಇಲ್ಲ. ತಿರುಳು, ನಾರು ಪೂರ್ತಿ ತೆಗೆದು, ಅರ್ಧ ಇಂಚಿನೊಳಗೆ ಒಡೆದು, ಒಂದು ದಿನ ನೀರಿನಲ್ಲಿ ನೆನೆಸಿ ಬಳಸಬೇಕು. ತನ್ನ ತೂಕದ ಕಾಲುಭಾಗದ ಹತ್ತಿರ ನೀರು ಕುಡಿಯುವ ವಸ್ತು ಅದು. ನೆನೆಸದಿದ್ದರೆ ಸಿಮೆಂಟಿಗೆ ಬೇಕಾದ ನೀರನ್ನು ಅದೇ ಎಳೆದುಕೊಳ್ಳುತ್ತದೆ. ಸರಿಯಾಗಿ ಮಾಡಿದರೆ ಘನ ಮೀಟರಿಗೆ 1,900–2,000 ಕೆಜಿ ತೂಕದಲ್ಲಿ ಎಂ 20 ದರ್ಜೆಯ ಬಲ ಪ್ರಯೋಗಾಲಯಗಳಲ್ಲಿ ಬಂದಿದೆ. ನಿಮ್ಮ ಮೋಲ್ಡಿನ ಲೆಕ್ಕದಲ್ಲಿ ಉಳಿಯುವುದು ಮುಕ್ಕಾಲು ಟನ್. ಅದಕ್ಕೆ ಕೊಡಬೇಕಾದ ಬೆಲೆ? ಮಾಮೂಲಿ ಕಾಂಕ್ರೀಟಿಗೆ ಘನ ಮೀಟರಿಗೆ 6–7 ಮೂಟೆ ಸಿಮೆಂಟ್ ಸಾಕು. ಕರಟದ್ದಕ್ಕೆ 10 ಮೂಟೆ ಬೇಕಾಗುತ್ತದೆ. ಕಸ ಪುಕ್ಕಟೆ, ಸಿಮೆಂಟ್ ಪುಕ್ಕಟೆ ಅಲ್ಲವಲ್ಲ. ಜೊತೆಗೆ ಆ ಮೋಲ್ಡ್ ಜಾಸ್ತಿ ಬಾಗುತ್ತದೆ, ಆದ್ದರಿಂದ ವಿನ್ಯಾಸವನ್ನೇ ಬೇರೆ ಮಾಡಬೇಕು. ಮೇಸ್ತ್ರಿಯ ಬಾಂಡ್ಲಿ ಲೆಕ್ಕದಲ್ಲಿ ಆಗುವ ಕೆಲಸ ಅಲ್ಲ.

ಹಾಗಾದರೆ ನೀವು ಏನು ಮಾಡಬಹುದು?

ನನ್ನನ್ನು ಕೇಳಿದರೆ ಮೇಲಿನ ಕೋಣೆಗೆ ಮೋಲ್ಡೇ ಬೇಡ. ಹಂಚಿನ ಮಾಡು ಮರದ ಪಕಾಸು, ರೀಪು ಸೇರಿ ಚದರ ಮೀಟರಿಗೆ ಸುಮಾರು 65 ಕೆಜಿ. 5 ಇಂಚಿನ ಮೋಲ್ಡ್ 310 ಕೆಜಿಗೂ ಜಾಸ್ತಿ. ಮೋಲ್ಡಿಗಿಂತ ಎಷ್ಟೋ ಹಗುರಾದ ಮಾಡು ನಿಮ್ಮ ಮನೆಯ ಮುಂದಿನ ಭಾಗದಲ್ಲೇ ಇದೆ! ಮಂಗಗಳು ಹಂಚು ಒಡೆಯುತ್ತವೆ ಎನ್ನುವ ಭಯ ಇದ್ದರೆ ಕಬ್ಬಿಣದ ಪೈಪಿನ ಚೌಕಟ್ಟಿನ ಮೇಲೆ ಶೀಟು ಹಾಕಿ, ಒಳಗೆ ಸೀಲಿಂಗ್ ಕೊಡಿ. ಮಳೆ ಸದ್ದು ತಡೆಯಲು ಸೀಲಿಂಗಿನ ಮೇಲೆ ಏನಾದರೂ ಹೊದಿಕೆ ಬೇಕು. ಮಗಳು ಫೋನಿನಲ್ಲಿ ಮಾತಾಡುತ್ತ ಕೆಲಸ ಮಾಡುವವಳು, ಇದು ಸಣ್ಣ ವಿಷಯ ಅಲ್ಲ. ಗಾಳಿಗೆ ಮಾಡು ಹಾರದಂತೆ ಚೌಕಟ್ಟನ್ನು ಬೋಲ್ಟ್ ಹಾಕಿ ಕೆಳಗೆ ಬಿಗಿಯಬೇಕು. ಹಗುರ ಮಾಡಿನ ದೊಡ್ಡ ಅಪಾಯ ಅದೇ. ಗೋಡೆ ಎಎಸಿ ಬ್ಲಾಕಿನದ್ದಾಗಲಿ. ಇನ್ನೂ ಹಗುರ ಬೇಕೆಂದರೆ ಚೌಕಟ್ಟಿನ ಎರಡೂ ಬದಿಗೆ ಸಿಮೆಂಟ್ ಬೋರ್ಡ್ ಹೊಡೆಯಿರಿ. ಆಗ ಗೋಡೆಗಳೆಲ್ಲ ಸೇರಿ ಒಂದೂವರೆ ಟನ್ ಒಳಗೇ ಇರುತ್ತವೆ.

ಇಲ್ಲ, ಮೋಲ್ಡೇ ಬೇಕು, ಮುಂದೆ ಅದರ ಮೇಲೆ ಅಡಿಕೆ ಒಣಗಿಸಬೇಕು ಎನ್ನುವುದಾದರೆ ಹಳೇ ಹಂಚು ಹುದುಗಿಸುವ ಮೋಲ್ಡ್ ಇದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಬಹಳ ಮನೆಗಳಿಗೆ ಮಾಡಿ ಜನಪ್ರಿಯಗೊಳಿಸಿದರು. ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕದ ನಡುವೆ ನಿಂತರೆ ಅದು ಬಾಗುತ್ತದಲ್ಲ? ಆಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಮೋಲ್ಡೂ ಹಾಗೆಯೇ. ಎಳೆತ ತಡೆಯುವುದು ಕಬ್ಬಿಣ, ಕೆಳಗಿನ ಕಾಂಕ್ರೀಟಿಗೆ ಕಬ್ಬಿಣವನ್ನು ಹಿಡಿದುಕೊಳ್ಳುವುದಷ್ಟೇ ಕೆಲಸ. ಹಾಗಾಗಿ ಕಬ್ಬಿಣದ ಚೌಕಗಳ ನಡುವೆ, ಕೆಳಭಾಗದಲ್ಲಿ, ಎರಡೆರಡು ಹಂಚನ್ನು ಒಂದರ ಮೇಲೊಂದು ಕವುಚಿ ಇಟ್ಟು ಕಾಂಕ್ರೀಟ್ ತುಂಬುತ್ತಾರೆ. ಇಡುವ ಮೊದಲು ಹಂಚನ್ನು ಚೆನ್ನಾಗಿ ನೆನೆಸಿರಬೇಕು. ಕಾಂಕ್ರೀಟಿನಲ್ಲಿ ಐದನೇ ಒಂದು ಭಾಗ, ಕೆಲವೊಮ್ಮೆ ಕಾಲುಭಾಗ ಉಳಿಯುತ್ತದೆ. ಕೋಣೆ ತಂಪಾಗಿಯೂ ಇರುತ್ತದೆ. ಹಂಚಿನ ಬದಲು ಇಡೀ ಕರಟ ಕವುಚಿ ಇಡುವವರೂ ಇದ್ದಾರೆ. ಇಲ್ಲಿ ಕರಟ ಭಾರ ಹೊರುವುದಿಲ್ಲ, ಸುಮ್ನೆ ಜಾಗ ತುಂಬುತ್ತದೆ. ಅದಕ್ಕೇ ಇದು ನನಗೆ ಧೈರ್ಯ ಕೊಡುವ ವಿಧಾನ. ಆದರೆ ಕಬ್ಬಿಣದ ಅಂತರವನ್ನು ಎಂಜಿನಿಯರೇ ಲೆಕ್ಕ ಹಾಕಬೇಕು. ಸೆಂಟ್ರಿಂಗಿನ ಮೇಲೆ ಓಡಾಡುವಾಗ ಹಂಚು ಸರಿಯದಂತೆ ಒಬ್ಬರು ನಿಂತು ನೋಡಬೇಕು. ಮೇಲೆ ಶೀಟಿನ ಮಾಡು ಬಂದರೆ ಮಾತ್ರ ನಿಮ್ಮೂರಿಗೆ ಇದನ್ನು ಒಪ್ಪುತ್ತೇನೆ.

ಈಗ ಸಿಪ್ಪೆ. ಮೇಲಿನ ಕೋಣೆಯ ಹೊರಗೋಡೆಗೂ ಅದು ಬೇಡ. ಕೆಳಗೆ ಉಗ್ರಾಣಕ್ಕೋ ಶೆಡ್ಡಿಗೋ, ಮಾಡಿನ ಒಳಗೆ, ಭಾರ ಹೊರದ ಅಡ್ಡಗೋಡೆ ಬೇಕಿದ್ದರೆ ಅಲ್ಲಿ ಮಾಡಿ ನೋಡಿ. ನೆಲದಿಂದ ಒಂದು ಅಡಿ ಕಲ್ಲು ಕಟ್ಟಿ, ಅದರ ಮೇಲೆ ಸಿಪ್ಪೆ ಬ್ಲಾಕ್ ಇಡಿ, ಎರಡೂ ಕಡೆ ಪ್ಲಾಸ್ಟರ್ ಮಾಡಿಸಿ. ಒಣ ಸಿಪ್ಪೆಯನ್ನು ಒಂದು ಇಂಚಿನೊಳಗೆ ಕತ್ತರಿಸಿ, ಸುಣ್ಣದ ನೀರಿನಲ್ಲಿ ಒಂದು ದಿನ ನೆನೆಸಿ, ತೊಳೆದು ಒಣಗಿಸಿಕೊಳ್ಳಿ. ಮರಳಿನ ಹತ್ತನೇ ಒಂದು ಪಾಲಿನ ಬದಲು ಸಿಪ್ಪೆ ಹಾಕಿ ಶುರು ಮಾಡಿ. ಬ್ಲಾಕು ಗಟ್ಟಿಯಾಗಿ ಬಂದರೆ ಐದನೇ ಒಂದಕ್ಕೆ ಏರಿಸಿ. ಅತಿ ಆಸೆ ಬೇಡ.

ಸಿಪ್ಪೆ ಸರಿಯಾಗಿ ತೊಳೆದಿದೆಯೇ ಅಂತ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕೊನೆಯ ಸಲ ತೊಳೆದ ಸಿಪ್ಪೆಯನ್ನು ಒಂದು ಬಕೆಟ್ ಶುದ್ಧ ನೀರಿನಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಆ ನೀರಿನಲ್ಲಿ ಸ್ವಲ್ಪ ಸಿಮೆಂಟ್ ಕಲಸಿ ಸಣ್ಣ ರೊಟ್ಟಿಯಂತೆ ತಟ್ಟಿ. ಪಕ್ಕದಲ್ಲೇ ಬಾವಿ ನೀರಿನಲ್ಲಿ ಕಲಸಿದ ಇನ್ನೊಂದನ್ನು ತಟ್ಟಿ. ಎರಡಕ್ಕೂ ನೀರಿನ ಅಳತೆ ಒಂದೇ ಇರಲಿ. ಆಗಾಗ ಉಗುರಿನಿಂದ ಒತ್ತಿ ನೋಡುತ್ತಿರಿ. ಎರಡೂ ಹೆಚ್ಚು ಕಡಿಮೆ ಒಟ್ಟಿಗೆ ಗಟ್ಟಿಯಾದರೆ ಸಿಪ್ಪೆ ಬಳಸಬಹುದು. ಮಾರನೇ ದಿನವೂ ಮೊದಲನೆಯದರಲ್ಲಿ ಉಗುರು ಇಳಿದರೆ ಇನ್ನೂ ಒಗರು ಉಳಿದಿದೆ, ಮತ್ತೆ ತೊಳೆಯಿರಿ. ಬ್ಲಾಕು ಒಣಗಿದ ಮೇಲೆ ತೂಕ ಮಾಡಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಕ ಮಾಡಿ. 10 ಕೆಜಿಯ ಬ್ಲಾಕು 12 ಆದರೆ ಅದನ್ನು ಗೋಡೆಗೆ ಹತ್ತಿಸಬೇಡಿ. ನಾಲ್ಕು ಬ್ಲಾಕನ್ನು ಶಿವಮೊಗ್ಗದ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಕೊಟ್ಟು ಬಲ ಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೆಯದು.

ಮೂರು ಎಕರೆಯ ಸಿಪ್ಪೆಯೆಲ್ಲ ಒಂದು ಅಡ್ಡಗೋಡೆಯಲ್ಲಿ ಮುಗಿಯುವುದಿಲ್ಲ, ಗೊತ್ತು. ಉಳಿದದ್ದನ್ನು ದಯವಿಟ್ಟು ರಸ್ತೆ ಬದಿಗೆ ಸುರಿಸಬೇಡಿ, ಬೆಂಕಿಯನ್ನೂ ಹಚ್ಚಬೇಡಿ. ಸಗಣಿ ಜೊತೆ ಪದರ ಪದರ ಹಾಕಿ ಕೊಳೆಯಲು ಬಿಟ್ಟರೆ ನಿಧಾನಕ್ಕಾದರೂ ಗೊಬ್ಬರವಾಗುತ್ತದೆ. ಮರದ ಬುಡಕ್ಕೆ ಮುಚ್ಚಿಗೆ ಮಾಡಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ನಾನು ಕಾಂಕ್ರೀಟಿನವನು, ಆದರೂ ಸಿಪ್ಪೆಗೆ ತೋಟಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದೇ ನನ್ನ ಅಭಿಪ್ರಾಯ.

ಕೊನೆಯದಾಗಿ, ಇದೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ. ಜಂಬಿಟ್ಟಿಗೆ ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ. ನಿಮ್ಮ ಕೆಳಗಿನ ಗೋಡೆ ಬಚ್ಚಲಿನದ್ದು, 40 ವರ್ಷ ನೀರು ಕಂಡದ್ದು. ಬಚ್ಚಲಿನ ಹೊರಗೋಡೆಯ ಬುಡದಲ್ಲಿ ಎರಡು ಅಡಿ ಅಗಲದ ಒಂದು ಗುಂಡಿ ತೆಗೆಸಿ. ಬುನಾದಿ ಎಷ್ಟು ಆಳ, ಎಷ್ಟು ಅಗಲ ಇದೆ, ಕಲ್ಲುಗಳ ನಡುವೆ ಇರುವುದು ಸಿಮೆಂಟೋ ಮಣ್ಣೋ ನೋಡಿ. ನೋಡಿದ ಮೇಲೆ ಗುಂಡಿಯನ್ನು ಹಾಗೆಯೇ ಬಿಡದೆ ಗಟ್ಟಿಯಾಗಿ ಮುಚ್ಚಿಸಿ. ಹಳೇ ಮೋಲ್ಡಿನ ಅಡಿಭಾಗದಲ್ಲಿ ಕಬ್ಬಿಣದ ಸಾಲಿನುದ್ದಕ್ಕೂ ಬಿರುಕು ಅಥವಾ ಕಂದು ಕಲೆ ಇದೆಯೇ ಅಂತಲೂ ನೋಡಿ. ಗೋಡೆ ಮಣ್ಣಿನಲ್ಲಿ ಕಟ್ಟಿದ್ದಾಗಿದ್ದರೆ, ಇಲ್ಲವೇ ಮೋಲ್ಡಿನಲ್ಲಿ ತುಕ್ಕು ಕಂಡರೆ, ಮೇಲಿನ ಕೋಣೆ ಎಷ್ಟೇ ಹಗುರವಿದ್ದರೂ ಹಳೇ ಮನೆಯ ಮೇಲೆ ಕೂರಿಸಬಾರದು. ಹೊರಗಿನಿಂದ ನಾಲ್ಕು ಪಿಲ್ಲರ್ ಎಬ್ಬಿಸಿ ಅದರ ಮೇಲೆ ನಿಲ್ಲಿಸಬೇಕಾಗುತ್ತದೆ. ಗುಂಡಿಯ ಅಳತೆ, ಮೋಲ್ಡಿನ ಅಡಿಭಾಗದ ನಾಲ್ಕು ಫೋಟೋ ಕಳಿಸಿ. ನೋಡಿ ಹೇಳುತ್ತೇನೆ. ಈ ಕೆಲಸ ಬೇಸಿಗೆಯಲ್ಲೇ ಆಗಲಿ. ಜೂನ್ ಬಂದ ಮೇಲೆ ನಿಮ್ಮ ಕಡೆ ಬುನಾದಿ ಪಕ್ಕ ಗುಂಡಿ ತೆಗೆಯುವ ಹಾಗಿಲ್ಲ.